ಬೇಗಂಪೇಟೆಯಿಂದ ಗ್ರಾಮಸಭೆಗೆ

(ಜೇವರ್ಗಿಯ ಸಭೆಯಲ್ಲಿ ಮಾಡಿದ ಭಾಷಣ)



ಆಳಂದ, ಅಫಜಲಪುರ, ಜೇವರ್ಗಿಗಳ ನಾವು ಕೆಲವರು ಕೂಡಿ ಹೈದರಾಬಾದಿಗೆ ಹೋಗಿ ಬಂದೆವು. ಬೇಗಂಪೇಟೆಯಲ್ಲಿ ಸ್ವಾಮಿ ರಾಮಾನಂದ ತೀರ್ಥರ ಸ್ಮಾರಕಕ್ಕೆ ಕೈಮುಗಿದೆವು. ಹುಸೇನಸಾಗರ ನೋಡಿದೆವು; 1591ರ ಚಾರಮಿನಾರದ ಕೆಳಗೂ ನಿಂತೆವು. ಅಲ್ಲಿ ಅರಸರ ಹೆಸರು ಕೇಳಿದೆವು, ಕಲ್ಲು ಹೊತ್ತವರ ಹೆಸರು ಯಾರೂ ಹೇಳಲಿಲ್ಲ.

ಸ್ವಾಮೀಜಿ 1903ರಲ್ಲಿ ಹುಟ್ಟಿದ ಸಿಂದಗಿ ನಮ್ಮ ನೆರೆಯ ತಾಲೂಕು. ಅಂದು ಅದು ಇಂಗ್ಲಿಷರ ಸೀಮೆ. ಅಂಬಾಜೋಗಾಯಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಅವರು ನಿಜಾಮನ ಪ್ರಜೆಗಳಿಗಾಗಿ ಸೆರೆಮನೆ ಸೇರಿದರು. ಸಭೆ ಸೇರಲು ಸರಕಾರದ ಅಪ್ಪಣೆ ಬೇಕಿದ್ದ ಕಾಲವದು. 1938ರಲ್ಲಿ ಹೈದರಾಬಾದ ಸ್ಟೇಟ್ ಕಾಂಗ್ರೆಸ್ಸನ್ನು ಹುಟ್ಟುವ ಮೊದಲೇ ನಿಷೇಧಿಸಿದರು. 1947ರ ಆಗಸ್ಟ್ 15ರಂದು ದೇಶಕ್ಕೆ ಬಂದ ಸ್ವಾತಂತ್ರ್ಯ ನಮ್ಮ ಮೂರೂ ತಾಲೂಕುಗಳಿಗೆ ಬಂದದ್ದು 1948ರ ಸೆಪ್ಟೆಂಬರ್ 17ಕ್ಕೆ.

ಇಂದು ಗ್ರಾಮಸಭೆಗೆ ಬರಲು ಯಾರ ಅಪ್ಪಣೆಯೂ ಬೇಡ. ಆದರೂ ಡಂಗುರ ಸಾರಿದ ದಿನ ಕಟ್ಟೆ ಬರಿದಾಗಿರುತ್ತದೆ. ಕೂಲಿ, ನೀರು, ರಸ್ತೆಗಳ ಯಾದಿಯನ್ನು ಉಳ್ಳವರು ನಾಲ್ಕು ಜನ ಕೂತು ಬರೆಸಿ ಮುಗಿಸುತ್ತಾರೆ. ಅವರನ್ನು ಬೈದು ಫಲವಿಲ್ಲ. ನಮ್ಮ ಜಾಗ ನಾವೇ ಬಿಟ್ಟಿದ್ದೇವೆ.

ಸ್ಮಾರಕಕ್ಕೆ ಹಾರ ಹಾಕಿ ಬಂದೆವು. ಇನ್ನು ಮುಂದಿನ ಗ್ರಾಮಸಭೆಗೆ ಕೂಲಿಕಾರರೂ ತಾಯಂದಿರೂ ಎಲ್ಲರಿಗಿಂತ ಮೊದಲು ಬಂದು ಕೂಡೋಣ. ಯಾದಿ ಓದಿಸೋಣ, ಬಿಟ್ಟುಹೋದ ಹೆಸರುಗಳನ್ನು ಅಲ್ಲೇ ಬರೆಸೋಣ.