ಮರದ ಪೈಪಿನ ಕುತ್ತಿಗೆ

ಕೊಡಲಿಯ ಕಾವು ಮುರಿದರೆ ಎಲ್ಲಿ ಮುರಿಯುತ್ತದೆ? ಮರ ಸಣ್ಣಗಾಗಿ ಕಬ್ಬಿಣದೊಳಕ್ಕೆ ಹೊಗುವ ಕಡೆ. ಮರದ ಸೌಟು ಮುರಿಯುವುದು ಹಿಡಿಯೂ ಬಟ್ಟಲೂ ಸೇರುವ ಕಡೆ. ಹೊಗೆಸೊಪ್ಪು ಸೇದುವ ಮರದ ಪೈಪು ಕಡೆಯುವವರಿಗಂತೂ ಈ ಕಷ್ಟ ಎರಡರಷ್ಟು. ಅದರ ಕುತ್ತಿಗೆ ತೆಳು, ಒಳಗೆ ಟೊಳ್ಳು ಬೇರೆ. ಅದಕ್ಕೆ ಬಲ ಬರಿಸುವುದು ಹೇಗೆಂಬುದೇ ಇಂದಿನ ಮಾತು. ಹೊಗೆಸೊಪ್ಪು ದೇಹಕ್ಕೆ ಕೇಡೆಂದು ನಿಮಗೆ ತಿಳಿದದ್ದೇ. ಸೇದಿರೆಂದು ನಾನು ಹೇಳುತ್ತಿಲ್ಲ. ಈ ಪಾಠ ಸೌಟಿಗೂ ಬುಗುರಿಗೂ ಮಕ್ಕಳ ಪೀಪಿಗೂ ಒಂದೇ.

ಮೊದಲು ಮರದ ಎಳೆ ನೋಡಿ. ಫ್ರಾನ್ಸ್ ದೇಶದ ಸೇಂಟ್ ಕ್ಲೋಡ್ ಎಂಬ ಊರು ಹತ್ತೊಂಬತ್ತನೆಯ ಶತಮಾನದಿಂದಲೂ ಪೈಪಿಗೆ ಹೆಸರುವಾಸಿ. ಅಲ್ಲಿಯವರು ಬ್ರಯರ್ ಎಂಬ ಪೊದೆಯ ಬುಡದ ಗಂಟನ್ನು ಬಳಸುತ್ತಾರೆ. ಆ ಗಂಟಿನಲ್ಲಿ ಎಳೆಗಳು ಹೆಣೆದುಕೊಂಡಿರುವುದರಿಂದ ಅದು ಸುಲಭವಾಗಿ ಸೀಳದು, ಬೇಗ ಸುಡದು. ನಮ್ಮ ಹೊಲದ ಮರದ ಕೊಂಬೆಯಲ್ಲಿ ಎಳೆ ಉದ್ದಕ್ಕೆ ಓಡುತ್ತದೆ. ಆ ಎಳೆ ಕುತ್ತಿಗೆಯ ಉದ್ದಕ್ಕೇ ಹೋಗುವಂತೆ ತುಂಡನ್ನು ಇಟ್ಟುಕೊಳ್ಳಬೇಕು. ಅಡ್ಡಲಾಗಿ ಬಂದರೆ ಬೆರಳಿನಲ್ಲಿ ಒತ್ತಿದರೂ ಮುರಿದೀತು. ಬಾಗಿದ ಪೈಪು ಬೇಕಾದರೆ ಕುತ್ತಿಗೆಯನ್ನು ಬೇರೆ ತುಂಡಿನಲ್ಲಿ ಮಾಡಿ ಕೂಡಿಸುವುದು ಲೇಸು.

ಎರಡನೆಯದು, ಹಸಿ ಮರ ಬೇಡ. ಮರದ ತುದಿಗಳು ನಡುವಿಗಿಂತ ಬೇಗ ಒಣಗುತ್ತವೆ, ಆಗ ಬಿರುಕು ಬಿಡುತ್ತದೆ. ಎರಡು ತುದಿಗೂ ಮೇಣ ಸವರಿ ನೆರಳಿನಲ್ಲಿ ತಿಂಗಳುಗಟ್ಟಲೆ ಬಿಡಿ.

ಮೂರನೆಯದು ಕೆಲಸದ ಕ್ರಮ. ತುಂಡು ಚೌಕವಾಗಿ ದಪ್ಪವಾಗಿ ಇರುವಾಗಲೇ ಬೈರಿಗೆಯಿಂದ ತೂತು ಕೊರೆಯಿರಿ. ಹೊರಗಿನ ಆಕಾರ ಆಮೇಲೆ. ಮೊದಲು ಸೊಗಸಾಗಿ ಕಡೆದು ಆಮೇಲೆ ತೂತು ಕೊರೆಯ ಹೊರಟರೆ ಬೈರಿಗೆ ಪಕ್ಕಕ್ಕೆ ಹಾಯುತ್ತದೆ. ಇಲ್ಲೊಂದು ಲೆಕ್ಕವಿದೆ. ಕುತ್ತಿಗೆ 12 ಮಿಲಿಮೀಟರ್ ದಪ್ಪ, ಬಾಯಿಕೊಳವೆ ಕೂರುವ ತೂತು 8 ಮಿಲಿಮೀಟರ್ ಅನ್ನಿ. ಉಳಿದ ಮರ ಒಂದೊಂದು ಬದಿಗೆ 2. ತೂತು ಒಂದೇ ಮಿಲಿಮೀಟರ್ ಸರಿದರೂ ಒಂದು ಬದಿಗೆ 3, ಇನ್ನೊಂದು ಬದಿಗೆ 1. ಕೂಡಿದರೆ ಮೊತ್ತ ಅದೇ 4. ಆದರೆ ಮರ ಮೊತ್ತ ನೋಡುವುದಿಲ್ಲ. ಒಂದು ಇರುವ ಕಡೆಯೇ ಸೀಳುತ್ತದೆ.

ನಾಲ್ಕನೆಯದು, ಕುತ್ತಿಗೆ ಬಟ್ಟಲಿಗೆ ಸೇರುವ ಮೂಲೆಯನ್ನು ಉಳಿಯಿಂದ ಚೂಪಾಗಿ ಕತ್ತರಿಸಬೇಡಿ. ಅಂಥ ಮೂಲೆಯಲ್ಲಿಯೇ ಬಿರುಕು ಹುಟ್ಟುವುದು. ದುಂಡು ಅರದಿಂದ ಬಳುಕಿನ ಇಳಿಜಾರು ಮಾಡಿ, ಉಪ್ಪುಕಾಗದದಿಂದ ಉಜ್ಜಿ.

ಐದನೆಯದು ಬಳೆ. ಕುಡುಗೋಲಿನ ಹಿಡಿಗೆ ತೊಡಿಸಿದ ಲೋಹದ ಬಳೆ ನೋಡಿದ್ದೀರಲ್ಲ? ಬಾಯಿಕೊಳವೆಯನ್ನು ಒಳಕ್ಕೆ ಒತ್ತಿದಾಗಲೆಲ್ಲ ಅದು ಬೆಣೆಯ ಹಾಗೆ ಮರವನ್ನು ಅಗಲಿಸುತ್ತದೆ. ಹೊರಗಿನಿಂದ ಒಂದು ತೆಳು ಹಿತ್ತಾಳೆ ಬಳೆ ಬಿಗಿಯಾಗಿ ಕೂತರೆ ಮರ ಅಗಲದು. ಆದರೆ ಈಗಾಗಲೇ ಸೀಳಿದ್ದನ್ನು ಬಳೆ ಮುಚ್ಚೀತೇ ಹೊರತು ಕೂಡಿಸದು. ಬಳಸುವವರಿಗೂ ಒಂದು ಮಾತು ಹೇಳಿ ಕೊಡಿ: ಪೈಪು ಬಿಸಿಯಾಗಿರುವಾಗ ಕೊಳವೆಯನ್ನು ಕೀಳಬಾರದು, ಕುತ್ತಿಗೆ ಹೋಗುತ್ತದೆ.

ಈಗ ಮರ ಎಲ್ಲಿಂದ ತರುವುದು? ನಮ್ಮ ಹಾಸನೂರಿನ ಸುತ್ತಲ ಕಾಡು 2013ರಿಂದ ಸತ್ಯಮಂಗಲ ಹುಲಿ ಮೀಸಲಿಗೆ ಸೇರಿದೆ. ಅಲ್ಲಿಯ ಕೊಂಬೆಗೆ ಕೈ ಹಾಕಬೇಡಿ. ನಿಮ್ಮ ಹೊಲದ ಬದುವಿನಲ್ಲಿ ಸವರಿದ ಹುಣಸೆಯ ಕೊಂಬೆಯಲ್ಲಿಯೇ ಕೈ ಪಳಗಿಸಬಹುದು.

ಕೊನೆಯ ಮಾತು, ಎಲ್ಲಕ್ಕಿಂತ ಮುಖ್ಯವಾದದ್ದು. ಎರಡು ಭಾಷೆ ಆಡುವ ನಮ್ಮಂಥವರಿಗೇ ಇದನ್ನು ಹೇಳಬೇಕು. ಕನ್ನಡದಲ್ಲಿ ಅರಳಿ ಎಂದರೆ ಕಟ್ಟೆಯ ಮೇಲಿನ ಪೂಜೆಯ ಮರ. ತಮಿಳಿನವರು ಅದನ್ನು ಅರಸ ಮರ ಅನ್ನುತ್ತಾರೆ. ತಮಿಳಿನಲ್ಲಿ ಅರಳಿ ಎಂದರೆ ನಮ್ಮ ಕಣಗಿಲೆ. ಅದರ ಎಲೆ, ಕಡ್ಡಿ, ಬೇರು, ಹೂವು ಎಲ್ಲವೂ ವಿಷ. ಸುಟ್ಟ ಹೊಗೆಯೂ ಕೇಡು. ಪೈಪಾಗಲಿ, ಪೀಪಿಯಾಗಲಿ, ಸೌಟಾಗಲಿ, ಬಾಯಿಗೆ ತಾಗುವ ಯಾವುದನ್ನೂ ಅದರಿಂದ ಮಾಡಕೂಡದು. ಒಬ್ಬರು "ಅರಳಿ ಕಡ್ಡಿ" ಎಂದು ಕೊಟ್ಟರೆ ಯಾವ ಭಾಷೆಯ ಅರಳಿ ಎಂದು ಕೇಳಿ. ಅರಳಿಮರದ ಎಲೆಗೆ ಉದ್ದನೆಯ ಬಾಲವಿರುತ್ತದೆ. ಕಣಗಿಲೆಯದು ನೀಳವಾಗಿ ಕಿರಿದಾಗಿರುತ್ತದೆ. ಒಣಗಿದ ಕಡ್ಡಿಯಲ್ಲಿ ಎಲೆ ಇರುವುದಿಲ್ಲ. ಆದ್ದರಿಂದ, ನಿಂತ ಮರವನ್ನು ನೀವೇ ಕಣ್ಣಾರೆ ಕಂಡಿದ್ದರೆ ಮಾತ್ರ ಅದರ ತುಂಡಿಗೆ ಉಳಿ ಹಚ್ಚಿ.