ತಿರುವಾಂಕೂರಿನ ಉಬ್ಬುಮೀನು



ಕೇರಳದ ಪಂಪಾನದಿ ಮುಂತಾದ ಹೊಳೆಗಳಲ್ಲಿ ವಾಸಿಸುವ ಒಂದು ಉಬ್ಬುಮೀನಿನ ವಿಷಯವನ್ನು ತಮ್ಮಲ್ಲಿ ಅರಿಕೆಮಾಡುವೆನು. 1941ರಲ್ಲಿ ಹೋರಾ ಮತ್ತು ನಾಯರ್ ಎಂಬ ವಿದ್ವಾಂಸರು ಇದನ್ನು ವರ್ಣಿಸಿ, ತಿರುವಾಂಕೂರಿನ ಹೆಸರನ್ನೇ ಇಟ್ಟರು. ಬಲಿತ ಮೀನಿನ ಉದ್ದವು ಸುಮಾರು ಒಂದಂಗುಲ ಮಾತ್ರ. ಶತ್ರುವು ಬೆದರಿಸಿದರೆ ನೀರನ್ನು ನುಂಗಿ ಚೆಂಡಿನಂತೆ ಉಬ್ಬುವುದು. ಗಿಣಿಯ ಕೊಕ್ಕಿನಂತೆ ಕೂಡಿಕೊಂಡಿರುವ ಹಲ್ಲುಗಳು ಬೆಳೆಯುತ್ತಲೇ ಇರುವುವು. ಬಸವನಹುಳುವಿನ ಚಿಪ್ಪನ್ನು ಒಡೆದೊಡೆದು ಸವೆಯದಿದ್ದರೆ ಮೇವು ತಿನ್ನಲಾರದೆ ಮೀನು ಸೊರಗುವುದು. ಗಂಡಿನ ಹೊಟ್ಟೆಯ ಮೇಲೆ ಕಪ್ಪು ಗೆರೆಯುಂಟು. ಹೆಣ್ಣು ಪಾಚಿಯ ನಡುವೆ ಮೊಟ್ಟೆಯಿಡುವುದು.

ಗಾಜಿನ ತೊಟ್ಟಿಯ ಶೋಕಿಗಾಗಿ ಹಿಡಿದು ಮಾರುವುದರಿಂದ ಇದರ ಸಂತತಿಯು ಕ್ಷೀಣಿಸಿ, ಅಳಿವಿನ ಭಯವುಳ್ಳ ಜಾತಿಗಳಲ್ಲಿ ಈಗ ಇದೂ ಸೇರಿದೆ. ಉಬ್ಬುಮೀನುಗಳ ಕುಲದಲ್ಲಿ ಅನೇಕಕ್ಕೆ ವಿಷವುಂಟು. ಬೇಯಿಸಿದರೂ ಅದು ಹೋಗದು. ಆದುದರಿಂದ ಬಲೆಗೆ ಸಿಕ್ಕಿದುದನ್ನು ಅಡಿಗೆಮನೆಗೆ ಒಯ್ಯದೆ ಹೊಳೆಗೇ ಬಿಡತಕ್ಕದ್ದು.