ಮುಂದೆ ಓಡಿದವನು ಕಾದು ನಿಂತ

(ಪಾಸ್ಖ ಭಾನುವಾರ ಸಂಜೆಯ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಪಾಸ್ಖ ಹಬ್ಬದ ಬೆಳಗು ಓಟದ ಬೆಳಗು. ಇಂದು ಬೆಳಿಗ್ಗೆ ಓದಿದ ಯೊವಾನ್ನರ ಶುಭಸಂದೇಶದಲ್ಲಿ ಯಾರೂ ನಿಂತಲ್ಲಿ ನಿಂತಿಲ್ಲ. ಸಮಾಧಿಯ ಕಲ್ಲು ಸರಿದಿರುವುದನ್ನು ಕಂಡ ಮಾಗ್ದಲದ ಮರಿಯಳು ಓಡಿ ಬರುತ್ತಾಳೆ. ಆ ದಿನ ಮೊದಲು ಓಡಿದ್ದು ಒಬ್ಬ ಹೆಣ್ಣುಮಗಳು. ನಮ್ಮ ಊರಿನ ಗಂಡಸರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಅವಳ ಮಾತು ಕೇಳಿ ಪೇತ್ರನೂ ಇನ್ನೊಬ್ಬ ಶಿಷ್ಯನೂ ಓಡುತ್ತಾರೆ. ಆ ಇನ್ನೊಬ್ಬನು ಯೊವಾನ್ನ, ವಯಸ್ಸಿನಲ್ಲಿ ಕಿರಿಯ ಎಂದು ನಮ್ಮ ಪರಂಪರೆ ಹೇಳುತ್ತದೆ. ಇಬ್ಬರೂ ಒಟ್ಟಿಗೇ ಹೊರಟರು. ಕಿರಿಯವನ ಕಾಲು ಚುರುಕು, ಅವನೇ ಮೊದಲು ತಲುಪಿದ. ಆದರೆ ಒಳಗೆ ಹೋಗಲಿಲ್ಲ. ಬಗ್ಗಿ ನೋಡಿ ಹೊರಗೇ ನಿಂತ. ಹಿಂದಿನಿಂದ ಪೇತ್ರ ಏದುಸಿರು ಬಿಡುತ್ತಾ ಬಂದಿರಬೇಕು. ಪೇತ್ರ ಒಳಹೊಕ್ಕ ಮೇಲೆಯೇ ಇವನು ಒಳಗೆ ಕಾಲಿಟ್ಟ.

ಏಕೆ ಕಾದ? ಪೇತ್ರನ ಹಿರಿತನಕ್ಕೆ ಕೊಟ್ಟ ಗೌರವ ಅದು ಎಂದು ಗುರುಮಠದಲ್ಲಿ ಕಲಿತಿದ್ದೆವು, ಎಷ್ಟೋ ವರ್ಷ ಹಾಗೆಯೇ ಬೋಧಿಸಿದೆವು. ಅದು ಸರಿಯೇ. ಆದರೆ 21 ಕಿಲೋಮೀಟರ್ ಓಡಿ ಬಂದ ಮೇಲೆ ಆ ವಾಕ್ಯವನ್ನು ಓದುವಾಗ ನಮಗೆ ಒಬ್ಬ ಪಿ.ಟಿ. ಮೇಷ್ಟ್ರ ಮುಖ ಕಾಣುತ್ತದೆ. ಆ ಕಥೆಯನ್ನೇ ಇಂದು ಹೇಳುತ್ತೇವೆ.

ಇಲ್ಲಿ 'ನಾವು' ಎಂದರೆ ಗುರುಗಳು ಗತ್ತಿಗೆ ಹೇಳಿಕೊಳ್ಳುವ 'ನಾವು' ಅಲ್ಲ, ನಿಜವಾದ ಬಹುವಚನ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲೂಕು ಸೇರಿದರೆ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ತಾಲೂಕಿಗೆ ಒಬ್ಬೊಬ್ಬರಂತೆ ನಾವು ನಾಲ್ವರು ಒಂದೇ ಹಾಸ್ಟೆಲಿನಲ್ಲಿ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವರು. ಮಧುಗಿರಿಯವನು ಗುರುವಾದ. ಕೊರಟಗೆರೆಯವನು ಅಂಗಡಿ ಇಟ್ಟ. ಪಾವಗಡದವನು ಸರ್ಕಾರಿ ಶಾಲೆಯಲ್ಲಿ ದೈಹಿಕ ಶಿಕ್ಷಕನಾದ. ಶಿರಾದವನು ಕಡ್ಲೆಕಾಯಿ ವ್ಯಾಪಾರಕ್ಕೆ ಇಳಿದ. ಹಾಸ್ಟೆಲಿನ ದಿನಗಳಲ್ಲಿ ನಮ್ಮೆಲ್ಲರಿಗಿಂತ ಜೋರಾಗಿ ಓಡುತ್ತಿದ್ದವನು ಆ ಶಿರಾದವನೇ.

ಎರಡು ಮಳೆ ಕೈಕೊಟ್ಟವು. ಕೊಟ್ಟ ಸಾಲ ವಾಪಸು ಬರಲಿಲ್ಲ, ತಂದ ಸಾಲ ಸುಮ್ಮನಿರಲಿಲ್ಲ. ಅವನು ಕುಡಿತಕ್ಕೆ ಬಿದ್ದ. ರಾತ್ರಿ ಹತ್ತರ ಮೇಲೆ ನಮಗೆ ಫೋನು ಮಾಡುತ್ತಿದ್ದ. ಮೊದಮೊದಲು ಎತ್ತುತ್ತಿದ್ದೆವು. ಆಮೇಲೆ ಹೆಸರು ನೋಡಿ ಫೋನನ್ನು ಮಗುಚಿ ಇಡುವುದು ಅಭ್ಯಾಸವಾಯಿತು. ನಾವು ಮುಂದೆ ಬಂದಿದ್ದೆವು, ಅವನು ಹಿಂದೆ ಉಳಿದಿದ್ದ, ಅಷ್ಟೇ. ಪಾಪನಿವೇದನೆಯ ಪೀಠದಲ್ಲಿ ಎಷ್ಟೋ ಜನರ ಕಥೆ ತಾಳ್ಮೆಯಿಂದ ಕೇಳುವ ಕಿವಿಗೆ ಗೆಳೆಯನ ತೊದಲು ಕೇಳುವ ತಾಳ್ಮೆ ಇರಲಿಲ್ಲ. ಐವತ್ತು ತುಂಬುವ ಮೊದಲೇ ಅವನು ಹೋದ.

ಅವನ ಮಣ್ಣಿಗೆ ಹೋಗಿ ಬರುವಾಗ ಶಿರಾ ಬಸ್ ನಿಲ್ದಾಣದಲ್ಲಿ ಮೂವರೂ ಟೀ ಹಿಡಿದು ಕುಳಿತಿದ್ದೆವು. ಯಾರಿಗೂ ಮಾತು ಹೊರಡಲಿಲ್ಲ. ಕೊನೆಗೆ ಪಾವಗಡದವನು ನಮ್ಮಿಬ್ಬರ ಹೊಟ್ಟೆ ನೋಡಿ ಕೇಳಿದ: "ಶುಗರ್ ಎಷ್ಟಿದೆ ನಿಮಗೆ?" ಹೇಳಿದೆವು. "ಇನ್ನು ಒಬ್ಬೊಬ್ಬರೇ ಹೋಗೋದು ಬೇಡ ಕಣ್ರೋ. ಅರ್ಧ ಮ್ಯಾರಥಾನ್ ಓಡೋಣ. ಮೂವರೂ." ನಮಗೆ ನಗು ಬಂತು. ಅವನು ನಗಲಿಲ್ಲ.

ಪೂರ್ಣ ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿದ ದೂರವೇ ಮುಂದೆ ಕಾಯಂ ಆಯಿತು. ಅದರ ಅರ್ಧ 21 ಕಿಲೋಮೀಟರಿಗೆ ನೂರು ಮೀಟರ್‌ನಷ್ಟು ಹೆಚ್ಚು. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ, ಕೊರಟಗೆರೆಯಿಂದ ಮಧುಗಿರಿ ತಲುಪಿ, ಅಲ್ಲಿಗೂ ನಿಲ್ಲದೆ ಇನ್ನೂ ಸ್ವಲ್ಪ ಓಡಬೇಕು. ಬಸ್ಸಿನಲ್ಲೇ ಬೇಸರವಾಗುವ ದೂರ ಅದು.

ಮೊದಲು ಡಾಕ್ಟರ ಹತ್ತಿರ ಕಳಿಸಿದ. ಅವರು ಒಪ್ಪಿದ ಮೇಲೆ ಒಂದು ತಿಂಗಳು ಬರೀ ನಡಿಗೆ. ಆಮೇಲೆ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. ಶನಿವಾರ ಶಾಲೆ ಮುಗಿಸಿ ಐವತ್ತು ಕಿಲೋಮೀಟರಿಗೂ ಹೆಚ್ಚು ಬಸ್ಸಿನಲ್ಲಿ ಕುಳಿತು ಮಧುಗಿರಿಗೆ ಬರುತ್ತಿದ್ದ. ಭಾನುವಾರ ನಸುಕಿನ ನಾಲ್ಕೂವರೆಗೆ ನಮ್ಮಿಬ್ಬರನ್ನೂ ಎಬ್ಬಿಸಿ ರಸ್ತೆಗೆ ಇಳಿಸುತ್ತಿದ್ದ. ಹಿಂದೆ ಏಕಶಿಲಾ ಬೆಟ್ಟ ಕತ್ತಲೆಯಲ್ಲಿ ಕಪ್ಪಗೆ ನಿಂತಿರುತ್ತಿತ್ತು. ಮುಂದೆ ನಾಯಿಗಳು. ಏಳೂವರೆಯ ಪೂಜೆಯೊಳಗೆ ಸ್ನಾನ ಮುಗಿಸಿ ಬರಬೇಕು. ಬಲಿಪೀಠದಲ್ಲಿ ಕಾಲು ನಡುಗುವುದನ್ನು ಕಂಡು ಕೆಲವು ತಾಯಂದಿರು ಜ್ವರವೆಂದು ಕಷಾಯ ಕಳಿಸಿದರು. ಅವರಿಗೆ ಈಗ ನಿಜ ಹೇಳಿದಂತಾಯಿತು. ಗೆಳೆಯ ನಮ್ಮ ಸಭೆಯವನಲ್ಲ. ಪೂಜೆ ಮುಗಿಯುವವರೆಗೆ ಹೊರಗೆ ಹುಣಸೆ ಮರದ ಕೆಳಗೆ ಕುಳಿತಿರುತ್ತಿದ್ದ.

ಅವನು ಹಾಕಿದ ನಿಯಮ ಒಂದೇ: ಮಾತಾಡುತ್ತಾ ಓಡಬೇಕು. ಪೂರ್ತಿ ವಾಕ್ಯ ಹೇಳಲು ಆಗದಿದ್ದರೆ ವೇಗ ಜಾಸ್ತಿಯಾಯಿತು ಎಂದು ಅರ್ಥ, ನಿಧಾನ ಮಾಡಬೇಕು. ದೂರದ ಓಟ ಕಲಿಯುವವರಿಗೆ ಎಲ್ಲೆಡೆಯೂ ಇದನ್ನೇ ಹೇಳಿಕೊಡುತ್ತಾರಂತೆ. ಹೊಸಬರು ಸೋಲುವುದು ಕಾಲಿನ ದೌರ್ಬಲ್ಯದಿಂದಲ್ಲ, ಆರಂಭದ ಆತುರದಿಂದ. ಹೀಗೆ ಮಾತಾಡಬೇಕಾಗಿ ಬಂದದ್ದರಿಂದ ಮೂವತ್ತು ವರ್ಷ ಆಡದ ಮಾತೆಲ್ಲ ಹೊರಬಂತು. ಶಿರಾದವನ ಮಾತು ಮೂರನೆಯ ವಾರ ಬಂತು. ಮಗುಚಿಟ್ಟ ಫೋನಿನ ವಿಷಯ ಒಬ್ಬರು ಹೇಳಿದಾಗ ಇನ್ನೊಬ್ಬರೂ ತಲೆ ತಗ್ಗಿಸಿದರು. ಪಾವಗಡದವನೂ ಹಾಗೆಯೇ ಮಾಡಿದ್ದನಂತೆ.

ರಕ್ಷಿತಾ ರಾಜು ಅವರ ಕಥೆಯನ್ನೂ ಅವನು ಹೇಳಿದ್ದು ಹೀಗೆ ಓಡುವಾಗಲೇ. ಚಿಕ್ಕಮಗಳೂರು ಜಿಲ್ಲೆಯ ಹೆಣ್ಣುಮಗಳು, ಕಣ್ಣು ಕಾಣದು. ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಅಜ್ಜಿಯ ಆಶ್ರಯದಲ್ಲಿ ಬೆಳೆದವರು. 2018ರಲ್ಲಿ ಜಕಾರ್ತದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 1500 ಮೀಟರ್ ಓಟದ ಚಿನ್ನ ಗೆದ್ದರು. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ಮತ್ತೆ ಚಿನ್ನ. 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗೂ ಹೋದರು. ಅವರ ಜೊತೆ ಬಹುಕಾಲ ಗೈಡ್ ಆಗಿ ಓಡಿದವರು ರಾಹುಲ್ ಬಾಲಕೃಷ್ಣ. ಇಬ್ಬರ ಕೈಗೂ ಒಂದು ಗಿಡ್ಡ ಹಗ್ಗ. ಗೈಡ್ ಆದವನು ಎಳೆಯುವಂತಿಲ್ಲ, ತಳ್ಳುವಂತಿಲ್ಲ. ಹೆಜ್ಜೆಗೆ ಹೆಜ್ಜೆ ಕೂಡಿಸಿ, ತಿರುವು ಬಂತು, ಪಕ್ಕದವರು ಹತ್ತಿರ ಬಂದರು ಎಂದು ಹೇಳುತ್ತಾ ಓಡಬೇಕು. ಕೊನೆಯ ಗೆರೆಯನ್ನು ಮಾತ್ರ ಕಣ್ಣು ಕಾಣದ ಓಟಗಾರನೇ ಮೊದಲು ದಾಟಬೇಕು. ಗೈಡ್ ಮೊದಲು ದಾಟಿದರೆ ಇಬ್ಬರೂ ಅನರ್ಹ. "ನೋಡ್ರೋ," ಎಂದ ಗೆಳೆಯ, "ಅವಳಿಗಿಂತ ಜೋರಾಗಿ ಓಡೋ ತಾಕತ್ತು ಇರಬೇಕು, ಅವಳಿಗಿಂತ ಹಿಂದೆ ಉಳಿಯೋ ಮನಸ್ಸೂ ಇರಬೇಕು. ಎರಡೂ ಇರೋರು ಸಿಗೋದು ಕಷ್ಟ."

ಪ್ರೋತ್ಸಾಹ ಎಂಬ ಮಾತನ್ನು ನಾವು ಬಹಳ ಅಗ್ಗ ಮಾಡಿಬಿಟ್ಟಿದ್ದೇವೆ. ದಿನವೂ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಸೂರ್ಯನ ಚಿತ್ರದ ಜೊತೆ ಅದು ಬರುತ್ತದೆ. ವೇದಿಕೆಯ ಮೇಲೆ ಶಾಲು, ಹಣ್ಣಿನ ಬುಟ್ಟಿಯ ಜೊತೆ ಬರುತ್ತದೆ. ಗುರುಗಳಾದ ನಾವಂತೂ ಪೀಠದ ಮೇಲೆ ನಿಂತು 'ಓಡಿ, ಓಡಿ' ಎನ್ನುವವರು. ಸಂತ ಪೌಲರು ಕೊರಿಂಥದವರಿಗೆ ಪತ್ರ ಬರೆಯುವಾಗ ಓಟದ ಪಂದ್ಯದ ಉಪಮೆ ಕೊಟ್ಟರು. ಆ ಊರಿನ ಹತ್ತಿರವೇ ಇಸ್ಥ್ಮಿಯನ್ ಕ್ರೀಡಾಕೂಟ ನಡೆಯುತ್ತಿತ್ತು, ಕೇಳಿದವರಿಗೆ ಅರ್ಥವಾಗುತ್ತಿತ್ತು. ಆದರೆ ಪೌಲರು ದಡದಲ್ಲಿ ಕುಳಿತು ಬರೆದವರಲ್ಲ. ತಾವೂ ಓಡುತ್ತಿದ್ದೇನೆಂದು ಹೇಳಿಕೊಂಡವರು.

ಬೆಂಗಳೂರಿನಲ್ಲಿ ನಡೆದ ಒಂದು ಅರ್ಧ ಮ್ಯಾರಥಾನಿಗೆ ಹೆಸರು ಕೊಟ್ಟೆವು. ನಸುಕಿನ ಐದು ಗಂಟೆ, ಸಾವಿರಾರು ಜನ, ಎಲ್ಲರ ಕಾಲಲ್ಲೂ ನಮ್ಮ ತಿಂಗಳ ಖರ್ಚಿಗೆ ಸಮನಾದ ಬೂಟು. ಹತ್ತು ಕಿಲೋಮೀಟರ್‌ವರೆಗೆ ಸುಖವಾಗಿತ್ತು. ಕೊರಟಗೆರೆಯವನು ಜೇಬಿನಿಂದ ಕಡ್ಲೆಕಾಯಿ ಮಿಠಾಯಿ ತೆಗೆದು ಹಂಚಿದ. ಹದಿನಾರರ ಹತ್ತಿರ ಒಂದು ಮೇಲ್ಸೇತುವೆಯ ಏರಿನಲ್ಲಿ ನಮ್ಮಲ್ಲಿ ಒಬ್ಬರ ಮೀನಖಂಡ ಕಲ್ಲಿನಂತೆ ಹಿಡಿದುಕೊಂಡಿತು. ಯಾರದೆಂದು ಹೇಳಬೇಕಿಲ್ಲ. ಪಕ್ಕದಲ್ಲಿ ಜನ ಹೊಳೆಯಂತೆ ಹರಿದು ಹೋಗುತ್ತಿದ್ದರು. 'ನೀವಿಬ್ಬರೂ ಹೋಗಿ' ಎಂದೆವು. ನಿಜಕ್ಕೂ ಹೋಗಲಿ ಎಂಬ ಆಸೆಯೂ ಇತ್ತು, ಹೋದರೆ ರಸ್ತೆ ಬದಿಯಲ್ಲಿ ನೆಮ್ಮದಿಯಾಗಿ ಸೋಲಬಹುದಿತ್ತು.

ಅವನು ಮಂಡಿಯೂರಿ ಕುಳಿತು ಪಾದವನ್ನು ಹಿಂದಕ್ಕೆ ಮಡಿಸಿ ಹಿಡಿದ. ಉಪ್ಪು ಸಕ್ಕರೆ ಕಲಸಿದ ನೀರು ಕುಡಿಸಿದ. "ಕೂತ್ಕೋಬೇಡ. ಕೂತ್ರೆ ಏಳಕ್ಕಾಗಲ್ಲ. ಮುಂದಿನ ಲೈಟು ಕಂಬದವರೆಗೆ ನಡಿ, ಸಾಕು." ಕಂಬ ಬಂತು. "ಇನ್ನೊಂದು ಕಂಬ." ಉಳಿದ ಐದು ಕಿಲೋಮೀಟರ್ ಹೀಗೆ ಕಂಬದಿಂದ ಕಂಬಕ್ಕೆ ಸಾಗಿದೆವು. ಎಷ್ಟು ಕಂಬ ಎಂದು ದೇವರಿಗೇ ಗೊತ್ತು. ಕೊನೆಯ ಗೆರೆ ಕಂಡಾಗ ಅವನು ಎರಡು ಹೆಜ್ಜೆ ಹಿಂದಾದ, ಬೆನ್ನಿನ ಮೇಲೆ ಕೈಯೂ ಇಡಲಿಲ್ಲ. ಮೂರು ಗಂಟೆ ಹತ್ತು ನಿಮಿಷ ಹಿಡಿದಿತ್ತು.

ಆಮೇಲೆ ತಿಳಿದ ಸಂಗತಿ ಇದು, ಅವನು ಹೇಳಿದ್ದಲ್ಲ, ಅವನ ಮನೆಯವರು ಹೇಳಿದ್ದು. ಎರಡು ಗಂಟೆಯೊಳಗೆ ಅರ್ಧ ಮ್ಯಾರಥಾನ್ ಮುಗಿಸಬೇಕೆಂಬುದು ಅವನ ಬಹಳ ವರ್ಷದ ಆಸೆ. ಹಿಂದಿನ ಬಾರಿ ಮೂರು ನಿಮಿಷದಲ್ಲಿ ತಪ್ಪಿತ್ತು. ಬಲ ಮಂಡಿ ಸವೆಯುತ್ತಿದೆ, ಓಡುವುದಿದ್ದರೆ ಇದೇ ಕೊನೆಯ ವರ್ಷ ಎಂದು ಡಾಕ್ಟರು ಹೇಳಿದ್ದರಂತೆ. ಹಾಗಾಗಿ ವಾರದ ದಿನಗಳಲ್ಲಿ ತಿರುಮಣಿಯ ಸೋಲಾರ್ ಪಾರ್ಕಿನ ಕಡೆಯ ರಸ್ತೆಯಲ್ಲಿ, ನೆರಳೆಂಬುದೇ ಇಲ್ಲದ ಆ ಬಯಲಿನಲ್ಲಿ, ಒಬ್ಬನೇ ವೇಗದ ಅಭ್ಯಾಸ ಮಾಡುತ್ತಿದ್ದನಂತೆ. ಕಾಲು ಹಿಡಿದ ಆ ಏರಿನಲ್ಲಿ ಅವನು ಬಿಟ್ಟುಕೊಟ್ಟದ್ದು ಇದನ್ನು. ಬಿಟ್ಟುಕೊಟ್ಟೆನೆಂದು ಮುಖದಲ್ಲಿ ತೋರಿಸಿಯೂ ಇರಲಿಲ್ಲ. ನಾವು ನಾಚಿಕೆಯಿಂದ ಕೇಳಿದಾಗ "ಟೈಮ್ ಎಲ್ಲಿಗೆ ಹೋಗುತ್ತೆ ಬಿಡ್ರೋ" ಎಂದು ಬೇರೆ ಮಾತು ತೆಗೆದ.

ಪ್ರಿಯರೇ, ಈಗ ಈ ಸಂಜೆಯ ಶುಭಸಂದೇಶಕ್ಕೆ ಬರೋಣ. ಎಮ್ಮಾವು ಜೆರುಸಲೇಮಿನಿಂದ ಅರವತ್ತು ಸ್ತಾದಿಯ ದೂರ ಎಂದು ಲೂಕರು ಬರೆಯುತ್ತಾರೆ. ಒಂದು ಸ್ತಾದಿಯ ಸುಮಾರು 185 ಮೀಟರ್, ಅಂದರೆ 11 ಕಿಲೋಮೀಟರ್. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ ನೂರ ಅರವತ್ತು ಎಂದಿದೆ. ಆ ಲೆಕ್ಕ ಹಿಡಿದರೆ ನಮ್ಮ ಕಾಲು ಈಗಲೇ ನೋಯುತ್ತದೆ, ಅರವತ್ತೇ ಇರಲಿ. ಕ್ಲೆಯೋಫನೂ ಅವನ ಜೊತೆಗಾರನೂ ಹಗಲು ಹನ್ನೊಂದು ಕಿಲೋಮೀಟರ್ ನಡೆದು ಹೋದರು, ಅದೇ ರಾತ್ರಿ ಹನ್ನೊಂದು ನಡೆದು ಬಂದರು. ಒಟ್ಟು ಅರ್ಧ ಮ್ಯಾರಥಾನಿಗಿಂತ ಒಂದು ಕಿಲೋಮೀಟರ್ ಜಾಸ್ತಿ. ವಾಪಸು ಬರುವಾಗ ಓಡಿದರೆಂದು ಲೂಕರು ಬರೆದಿಲ್ಲ, ಆದರೆ ಊಟದ ಮೇಜಿನಿಂದ ಆ ಗಳಿಗೆಯಲ್ಲೇ ಎದ್ದವರು ನಿಧಾನವಾಗಿ ನಡೆದಿರಲಾರರು.

ಹೋಗುವಾಗಿನ ನಡಿಗೆಯನ್ನು ನೋಡಿ. ಸೋತವರ ನಡಿಗೆ ಅದು. ನಂಬಿದ್ದು ಮುಗಿಯಿತೆಂದು ಊರು ಬಿಟ್ಟು ಹೊರಟವರು, ಮಾತಾಡುತ್ತಾ ಹೋಗುತ್ತಿದ್ದರು. ಮರಣವನ್ನು ಗೆದ್ದು ಬಂದ ಪ್ರಭು ಆ ದಿನ ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಪಿಲಾತನ ಅರಮನೆಗೆ ಹೋಗಬಹುದಿತ್ತು, ಮಹಾಯಾಜಕನ ಅಂಗಳಕ್ಕೆ ಹೋಗಬಹುದಿತ್ತು. ಅವರು ಬಂದದ್ದು ಈ ಇಬ್ಬರ ಪಕ್ಕಕ್ಕೆ. ಹೆಜ್ಜೆಯನ್ನು ಇವರ ಹೆಜ್ಜೆಗೆ ಇಳಿಸಿಕೊಂಡರು. ಏನು ಮಾತಾಡುತ್ತಿದ್ದೀರಿ ಎಂದು ಕೇಳಿದರು. ಗೊತ್ತಿದ್ದ ಕಥೆಯನ್ನೇ ಇವರ ಬಾಯಿಂದ ಪೂರ್ತಿ ಕೇಳಿಸಿಕೊಂಡರು. ಗದರಿದ್ದು, ವಿವರಿಸಿದ್ದು ಆಮೇಲೆ. ರಾತ್ರಿ ಹತ್ತರ ಮೇಲೆ ಬರುತ್ತಿದ್ದ ಆ ಫೋನು ನಮಗೆ ಇಲ್ಲಿ ನೆನಪಾಗುತ್ತದೆ, ಪ್ರತಿ ವರ್ಷವೂ ನೆನಪಾಗುತ್ತದೆ.

ಶಿರಾದ ಗೆಳೆಯನಿಗೆ ಒಬ್ಬ ಮಗನಿದ್ದಾನೆ. ಪೊಲೀಸ್ ಕಾನ್‌ಸ್ಟೆಬಲ್ ಆಯ್ಕೆಗೆ ತಯಾರಾಗುತ್ತಿದ್ದಾನೆ. 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಈಗ ಅವನಿಗೆ ಹನ್ನೊಂದು ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ. ಅಪ್ಪನ ಕಾಲೇ ಇದೆ, ಆರಂಭದ ಆತುರವೂ ಅಪ್ಪನದೇ. ಒಬ್ಬನೇ ಓಡಿದರೆ ಮೂರನೇ ಸುತ್ತಿಗೇ ಸುಸ್ತಾಗುತ್ತಾನೆ. ಜೊತೆಗೆ ಓಡಿ ವೇಗ ಹಿಡಿದುಕೊಡಬೇಕಾದ ಪಾವಗಡದವನ ಮಂಡಿ ಈಗ ಮಡಿಸಲು ಬರುವುದಿಲ್ಲ, ಕೋಲು ಹಿಡಿದು ಬಂದು ಮೈದಾನದ ಅಂಚಿನಲ್ಲಿ ಗಡಿಯಾರ ಹಿಡಿದು ನಿಲ್ಲುತ್ತಾನೆ. ಉಳಿದವರು ನಾವಿಬ್ಬರು. ಆ ಹುಡುಗನ ವೇಗ ನಮಗೆ ಎರಡು ಸುತ್ತಿನವರೆಗೂ ಬರುವುದಿಲ್ಲ. ಆದ್ದರಿಂದ ಮೊದಲ ಸುತ್ತು ಒಬ್ಬರು, ಕೊನೆಯ ಸುತ್ತು ಒಬ್ಬರು ಎಂದು ಹಂಚಿಕೊಂಡಿದ್ದೇವೆ. ಮಧ್ಯದ ಎರಡು ಸುತ್ತಿಗೆ ಜನ ಬೇಕು.

ನಾಳೆ ಪಾಸ್ಖ ಸೋಮವಾರ, ಬೆಳಿಗ್ಗೆ ಐದೂವರೆಗೆ ಮೈದಾನದಲ್ಲಿ ಇರುತ್ತೇವೆ. ನಮ್ಮ ಧರ್ಮಕೇಂದ್ರದ ಯುವಕ ಯುವತಿಯರಲ್ಲಿ ಕಾಲು ಚುರುಕಿರುವವರು ಬನ್ನಿ. ಕುಡಿಯುವ ನೀರು ನೀವೇ ತನ್ನಿ, ಅಲ್ಲಿನ ನಲ್ಲಿಯಲ್ಲಿ ಬರುತ್ತಿಲ್ಲ.